ಸಿಹಿಯಿಲ್ಲದ ಪಂಚಮಿ ಬುಟ್ಟಿ

ಮೊನ್ನೆ ಅಟ್ಟ ಗುಡಿಸಲು ಹೋದಾಗ ಹಿತ್ತಾಳೆಯ ಚಕ್ಕುಲಿ ಒರಳೊಂದು ಉರುಳಿ ಬಿತ್ತು. ತಲೆಯ ಮೇಲೆ ಬಿದ್ದಿದ್ದರೆ ಈ ಬರಹ ನಿಮಗೆ ತಪ್ಪುತ್ತಿತ್ತು. ಕಾಲಿನ ಹೆಬ್ಬೆರಳ ಮೇಲೆ ಬಿದ್ದದ್ದರಿಂದ, ಆ ಕಾಲನ್ನು ಮಣೆಯ ಮೇಲೆ ಚಾಚಿ ಕುಳಿತು ಬರೆಯುವ ಬಿಡುವು ನನಗೂ, ಓದುವ ಕಷ್ಟ ನಿಮಗೂ ಒದಗಿದೆ. ಒರಳಿನ ಹಿಡಿಕೆ ಒಂದು ಕಡೆ ಸೊಟ್ಟಗಾಗಿದೆ. ಹಳೆಯದಲ್ಲವೇ, ಅದಕ್ಕೇ ಸೊಟ್ಟಗಾಗಿದೆ ಎಂದು ಮನೆಯ ಮಕ್ಕಳ ಅಂಬೋಣ. ಹಳೆಯದಾದ ಮಾತ್ರಕ್ಕೆ ಸೊಟ್ಟಗಾಗುವುದು ಮನುಷ್ಯರು. ಹಿತ್ತಾಳೆಯನ್ನು ಯಾರಾದರೂ ಕುಳಿತು ಸೊಟ್ಟ ಮಾಡಬೇಕಾಗುತ್ತದೆ. ಇದನ್ನು ಮಾಡಿದವನು ನಾನು. ಮಾಡಿದ್ದು ಹೆಂಡತಿಯ ಸಲುವಾಗಿ.

ನಾರಾಯಣಪೇಟೆಯಲ್ಲಿ ನಮ್ಮದು ಬೆಲ್ಲದ ಅಂಗಡಿ. ನಿಜಾಮರ ರಾಜ್ಯ ಇನ್ನೂ ಗಟ್ಟಿಯಾಗಿ ಕುಳಿತಿದ್ದ ಕಾಲ. ಶಾಲೆಯಲ್ಲಿ ಉರ್ದು, ಬಜಾರಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಹೀಗೆ ಒಂದೇ ಬಾಯಲ್ಲಿ ಮೂರು ನಾಲಿಗೆ ಇಟ್ಟುಕೊಂಡು ಬೆಳೆದವರು ನಾವು. ಆದರೆ ರುಚಿಯ ವಿಷಯಕ್ಕೆ ಬಂದರೆ ನಮ್ಮ ಮನೆಯ ನಾಲಿಗೆಗಳೆಲ್ಲ ಒಂದೇ ಭಾಷೆ ಆಡುತ್ತಿದ್ದವು. ಅದು ಬೆಲ್ಲದ್ದು. ಮಳೆಗಾಲ ಬಂತೆಂದರೆ ಪಡಸಾಲೆಯಲ್ಲಿ ಪೇರಿಸಿಟ್ಟ ಬೆಲ್ಲದ ಪೆಂಟೆಗಳು ಜ್ವರ ಬಿಟ್ಟವರಂತೆ ಬೆವರುತ್ತಿದ್ದವು. ಗೋಣಿತಟ್ಟು ಅಂಟು, ಬಾಗಿಲ ಚಿಲಕ ಅಂಟು, ಅಪ್ಪನ ಮೀಸೆಯೂ ಅಂಟು. ಶಾಲೆಯಲ್ಲಿ ಎಲ್ಲ ಹುಡುಗರೂ ಪಾಟಿಯನ್ನು ಉಗುಳು ಹಚ್ಚಿ ಒರೆಸುವವರೇ. ಇರುವೆ ಹತ್ತುತ್ತಿದ್ದದ್ದು ನನ್ನ ಪಾಟಿಗೆ ಮಾತ್ರ. ನಮ್ಮ ಮೌಲವಿ ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಡಿದು ಇಡೀ ತರಗತಿಗೆ ತೋರಿಸಿ, “ಈ ಹುಡುಗನ ಅಕ್ಷರ ಮನುಷ್ಯರಿಗೆ ಓದಲಾಗದಿದ್ದರೂ ಇರುವೆಗಳಿಗೆ ಇಷ್ಟ” ಎಂದು ಅಪ್ಪಣೆ ಕೊಡಿಸಿದ್ದರು. ನನ್ನ ಬರವಣಿಗೆಗೆ ಸಿಕ್ಕ ಮೊದಲ ವಿಮರ್ಶೆ ಅದು. ಅನಂತರದವು ಅಷ್ಟು ಒಳ್ಳೆಯವಾಗಿರಲಿಲ್ಲ.

ಅವ್ವನ ಪ್ರಕಾರ ಜಗತ್ತಿನಲ್ಲಿ ಬೆಲ್ಲದಿಂದ ಸರಿಹೋಗದ ಸಂಗತಿ ಇರಲಿಲ್ಲ. ಮಗು ಬಿದ್ದರೆ ಬೆಲ್ಲ, ನೆಂಟರು ಬಂದರೆ ಬೆಲ್ಲ, ನೆಂಟರು ಹೋದರೆ ಆ ಸಂತೋಷಕ್ಕೆ ಇನ್ನೊಂದು ತುಂಡು. ಊಟದ ತಾಟಿನಲ್ಲಿ ಮೊದಲು ಬೀಳುವುದು ಸಿಹಿ. ಬಡಿಸುವಾಗ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ಕೇಳಿ ಬಡಿಸುವುದು ಬಡಿಸಲು ಮನಸ್ಸಿಲ್ಲದವರ ಲಕ್ಷಣವೆಂದು ಅವ್ವನ ಮತ. ಅಪ್ಪ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತು, ಮನೆಯ ವ್ಯವಹಾರದಲ್ಲಿ ತಕ್ಕಡಿಯ ಮುಳ್ಳಿನಂತೆ ನಟ್ಟನಡುವೆ ನಿಂತಿರುತ್ತಿದ್ದ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಗದ್ವಾಲದ ಹುಡುಗಿ. ಹೆಸರು ಶಾಂತಮ್ಮ. ನಮ್ಮ ಕಾಲದವರು ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರೆಯಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ ಒಮ್ಮೆ ಬರೆದಿದ್ದೇನೆ. ಇನ್ನು ಮುಂದೆ ಅವಳು ‘ನಮ್ಮಾಕೆ’. ಗದ್ವಾಲ ಕೃಷ್ಣೆಯ ಆಚೆ ದಂಡೆಗಿದೆ. ಆಗ ಅದೊಂದು ಬೇರೆ ಸಂಸ್ಥಾನ. ಹೊಳೆ ದಾಟಿದರೆ ರಾಜ ಬೇರೆ, ಪದ್ಧತಿ ಬೇರೆ, ಸೀರೆಯ ಅಂಚು ಬೇರೆ. ನಾಲಿಗೆಯೂ ಬೇರೆ ಇರಬಹುದೆಂಬ ವಿಚಾರ ಮಾತ್ರ ಮದುವೆ ನಿಶ್ಚಯಿಸಿದ ಹಿರಿಯರಿಗೆ ಹೊಳೆದಿರಲಿಲ್ಲ.

ಮದುವೆಯಲ್ಲಿ ಗಂಡು ಹೆಣ್ಣಿನ ಬಾಯಿಗೆ ಉಂಡಿ ಇಡುವ ಶಾಸ್ತ್ರವಿತ್ತು. ಅವ್ವ ತನ್ನ ಕೈಯಾರೆ ಕಟ್ಟಿದ ಉಂಡಿಯನ್ನು ನಾನು ಭಕ್ತಿಯಿಂದ ಇಟ್ಟೆ. ನಮ್ಮಾಕೆ ಅದನ್ನು ಒಂದು ಕೆನ್ನೆಗೆ ಸರಿಸಿಕೊಂಡು, ಅಕ್ಕಿಕಾಳು ಬಿದ್ದು, ಆರತಿ ಮುಗಿದು, ಹಿರಿಯರಿಗೆಲ್ಲ ನಮಸ್ಕಾರ ಆಗುವವರೆಗೂ ಹಾಗೆಯೇ ಇಟ್ಟುಕೊಂಡಿದ್ದಳು. ಹುಡುಗಿಯ ಕೆನ್ನೆ ತುಂಬಿಕೊಂಡಿದೆ, ಲಕ್ಷಣವಾಗಿದ್ದಾಳೆ ಎಂದು ನಮ್ಮ ಕಡೆಯ ಹೆಂಗಸರು ಮೆಚ್ಚಿಕೊಂಡರು. ಎಡಗೆನ್ನೆಯೊಂದೇ ಯಾಕೆ ತುಂಬಿಕೊಂಡಿದೆ ಎಂದು ಯಾರೂ ಕೇಳಲಿಲ್ಲ.

ಮೊದಲ ಸಲ ಇಬ್ಬರೇ ಮಾತಾಡಲು ಸಿಕ್ಕಾಗ ಅವಳು ಹೇಳಿದ ಮೊದಲ ಮಾತು ಇದು:

“ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ನನಗ ಸೀ ಸೇರೂದಿಲ್ಲ.”

“ಸ್ವಲ್ಪನೂ?”

“ಬೆಲ್ಲದ ವಾಸನಿ ಬಂದ್ರ ಹೊಟ್ಟಿ ತೊಳಸ್ತೈತ್ರಿ.”

ನಾನು ಮೆಲ್ಲಗೆ ನನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡೆ. ಅವಳು ನೋಡಿದಳು.

“ನಿಮ್ಮದು ಇರಲಿ ಬಿಡ್ರಿ,” ಎಂದಳು. “ನಿಮ್ಮದನ್ನ ರೂಢಿ ಮಾಡ್ಕೋತೀನಿ.”

ಇದಕ್ಕಿಂತ ದೊಡ್ಡ ಪ್ರೇಮದ ಮಾತನ್ನು ಯಾವ ಹೆಂಗಸೂ ಯಾವ ಬೆಲ್ಲದ ವ್ಯಾಪಾರಿಗೂ ಹೇಳಿರಲಾರಳು.

ನನ್ನನ್ನು ರೂಢಿ ಮಾಡಿಕೊಂಡಳು. ಅವ್ವನ ಹೋಳಿಗೆಯನ್ನು ಮಾಡಿಕೊಳ್ಳಲಾಗಲಿಲ್ಲ. ಅವ್ವ ಬಡಿಸುತ್ತ ಹೋದಳು, ಇವಳು ಕಣ್ಣು ಕೆಳಗೆ ಮಾಡಿ ನುಂಗುತ್ತ ಹೋದಳು. ಒಂದು ಹುಣ್ಣಿಮೆಯ ಊಟದಲ್ಲಿ, ನೆಂಟರೆಲ್ಲ ಸಾಲಾಗಿ ಕುಳಿತಿರುವಾಗ, ಎದ್ದು ಹಿತ್ತಲಿಗೆ ಓಡಿದಳು. ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ವಿಷಯ ಅವರು ತಿಳಿದದ್ದಲ್ಲ, ಬೆಲ್ಲದ್ದು ಎಂದು ಗೊತ್ತಾದ ಮೇಲೆ ನಗು ನಿಂತಿತು. ಅವ್ವ ಸೌಟನ್ನು ಕೆಳಗಿಟ್ಟಳು.

“ನಮ್ಮ ಬೆಲ್ಲಕ್ಕ ಓಕರಿಕಿ ಬಂತಂದ್ರ ನಮ್ಮ ಮನಿಗೇ ಓಕರಿಕಿ ಬಂದಂಗ,” ಎಂದಳು.

ಅಂದಿನಿಂದ ಅವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಬಡಿಸುವುದನ್ನು ಬಿಡಲಿಲ್ಲ. ಮಾತಿಲ್ಲದೆ ಬೀಳುವ ಹೋಳಿಗೆ ಇನ್ನೂ ಸಿಹಿಯಾಗಿರುತ್ತದೆಯೋ ಏನೋ, ನಮ್ಮಾಕೆ ಕಡ್ಡಿಯಾಗತೊಡಗಿದಳು. ಆಷಾಢ ಬಂತು. ಪದ್ಧತಿಯಂತೆ ಹೊಸ ಸೊಸೆ ತವರಿಗೆ ಹೋದಳು. ಹೋಗುವಾಗ ಹಿಂತಿರುಗಿ ನೋಡಿದಳೆಂದು ನನ್ನ ನೆನಪು. ನೋಡಲಿಲ್ಲವೆಂದು ಅವಳ ವಾದ.

ಆಷಾಢ ಮುಗಿಯುವ ಮೊದಲು ಮಾವನವರು ಯಾವುದೋ ಕೆಲಸದ ನೆಪ ಮಾಡಿಕೊಂಡು ನಮ್ಮ ಅಂಗಡಿಗೆ ಬಂದರು. ಬಹಳ ಸೌಮ್ಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ತಲೆ ಎತ್ತಿ ಮಾಡನ್ನು ನೋಡುವುದು ಅವರ ರೂಢಿ. ಅಂದು ನಮ್ಮ ಅಂಗಡಿಯ ಮಾಡನ್ನು ಬಹಳ ಹೊತ್ತು ನೋಡಿದರು.

“ಹುಡುಗಿ ಒಂದು ಮಾತು ಅಂದಾಳ್ರಿ ಅಳಿಯಂದಿರೇ. ‘ಆ ಮನ್ಯಾಗ ನಾನು ಬೆಲ್ಲದ ಡಬ್ಬ್ಯಾಗ ಬಿದ್ದ ಇರಿವಿ ಆಗೀನಿ. ಮ್ಯಾಲ ಬರಾಕೂ ಆಗವಲ್ದು, ಮುಳುಗಾಕೂ ಆಗವಲ್ದು. ಪಂಚಮಿ ಆದಮ್ಯಾಲೂ ನಾನು ಇಲ್ಲೇ ಇರತೀನಿ’ ಅಂತಾಳ. ಸಣ್ಣ ಹುಡುಗಿ, ನೀವೇನೂ ಮನಸಿಗಿ ಹಚ್ಚಿಕೋಬ್ಯಾಡ್ರಿ.”

ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳುವುದು? ನಿಜಾಮ ಸರಕಾರ ದಿನಕ್ಕೊಂದು ಫರ್ಮಾನು ಹೊರಡಿಸುತ್ತಿದ್ದ ಕಾಲ ಅದು. ನಾನೂ ಒಂದನ್ನು ಹೊರಡಿಸಿದೆ. ಕೇಳುಗರು ಅಪ್ಪ, ಅವ್ವ ಮತ್ತು ಒಂದು ಬೆಕ್ಕು.

ನಾಗರ ಪಂಚಮಿಗೆ ನಮ್ಮ ಕಡೆ ಒಂದು ಪದ್ಧತಿ. ಮದುವೆಯಾದ ಮೊದಲ ವರ್ಷ, ತವರಿನಲ್ಲಿರುವ ಸೊಸೆಗೆ ಗಂಡನ ಮನೆಯಿಂದ ಬುಟ್ಟಿ ಹೋಗಬೇಕು. ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ, ತಂಬಿಟ್ಟು, ಬುಟ್ಟಿಯ ತುಂಬ ಉಂಡಿಗಳೇ. ಅದನ್ನು ಗಂಡನೇ ಹೊತ್ತು ಹೋಗಿ, ಹಬ್ಬ ಉಂಡು, ಹೆಂಡತಿಯನ್ನು ಕರೆದುಕೊಂಡು ಬರಬೇಕು. ನನ್ನ ಫರ್ಮಾನಿನ ಸಾರಾಂಶ: ಈ ಸಲದ ಬುಟ್ಟಿಯಲ್ಲಿ ಖಾರದ ಪದಾರ್ಥ ಮಾತ್ರ ಇರತಕ್ಕದ್ದು, ಅವನ್ನೆಲ್ಲ ನಾನೇ ಮಾಡತಕ್ಕದ್ದು.

ಅಪ್ಪ ತಕ್ಕಡಿ ಒರೆಸಿದ. ಬೆಕ್ಕು ಎದ್ದು ಹೋಯಿತು.

“ಗಂಡಸು ಒಲಿ ಮುಂದ ಕುಂತ್ರ ಒಲಿ ನಗತೈತಿ,” ಎಂದಳು ಅವ್ವ.

“ನಗಲಿ. ಅಳೋದಕ್ಕಿಂತ ಚಲೋ.”

“ನನ್ನ ಕೈಯಿಂದ ಒಂದು ಚಮಚಾನೂ ಸಿಗೂದಿಲ್ಲ ನಿನಗ.”

“ಬ್ಯಾಡ.”

ಚಮಚ ಸಿಗಲಿಲ್ಲವೆಂಬುದು ನಿಜ. ಆದರೆ ನಾನು ಒಲೆಯ ಮುಂದೆ ಕುಳಿತಾಗ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನನಗೆ ಬೆನ್ನು ಮಾಡಿ ಕುಳಿತುಕೊಂಡಳು, ಮತ್ತು ಎದುರಿನ ಗೋಡೆಯ ಜೊತೆ ಮಾತಾಡತೊಡಗಿದಳು.

“ಕೇಳಿದೇನು ಗ್ವಾಡಿ? ಚಕ್ಲಿ ಹಿಟ್ಟಿಗಿ ಚೆನ್ನಾಗಿ ಕಾದ ಎಣ್ಣಿ ಹಾಕಬೇಕು. ಇಲ್ಲದಿದ್ರ ಕಲ್ಲಾಗ್ತಾವು. ಕೆಲವು ಮಂದಿಗಿ ಎಣ್ಣಿ ಕಾದದ್ದು ಯಾವುದು, ಕಾಯದಿದ್ದು ಯಾವುದು ಗೊತ್ತಾಗೂದಿಲ್ಲ.”

ಸ್ವಲ್ಪ ಹೊತ್ತಾದ ಮೇಲೆ: “ಗ್ವಾಡಿ, ಶೇಂಗಾ ಹುರಿಯೋವಾಗ ಉರಿ ಸಣ್ಣ ಇರಬೇಕವ್ವಾ. ಮನಿ ಸುಟ್ಟ ವಾಸನಿ ಬರಾಕತ್ತೈತಿ.”

ಆ ಗೋಡೆ ಬುದ್ಧಿವಂತ ಗೋಡೆಯಾಗಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಅಡುಗೆ ಪಂಡಿತನಾಗಿರುತ್ತಿತ್ತು. ನಾನು ಗೋಡೆಯ ಪಾಲಿನ ಪಾಠವನ್ನು ಕದ್ದು ಕೇಳಿ, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಕುಟ್ಟಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ತಟ್ಟಿ, ಕಟಕಟ ಅನ್ನುವವರೆಗೆ ಕಾಯಿಸಿದೆ. ರೊಟ್ಟಿಗಳು ಗುಂಡಗಿರಲಿಲ್ಲ, ಭೂಗೋಳದ ಪುಸ್ತಕದಲ್ಲಿ ಬೇರೆ ಬೇರೆ ದೇಶಗಳಿರುವಂತೆ ಇದ್ದವು. ಅವಲಕ್ಕಿಗೆ ಒಗ್ಗರಣೆ ಕೊಟ್ಟೆ. ಕೊನೆಗೆ ಚಕ್ಲಿ. ಹಿಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ ಒರಳಿನಿಂದ ಹೊರಗೆ ಬರಲು ಒಪ್ಪಲಿಲ್ಲ. ಕೈಯಿಂದ ಒತ್ತಿದೆ, ಎದೆಯಿಂದ ಒತ್ತಿದೆ. ಕಡೆಗೆ ಅಂಗಡಿಯಿಂದ ಕಬ್ಬಿಣದ ತೂಕದ ಕಲ್ಲು ತಂದು ಅದರ ಮೇಲೆ ಹೇರಿದೆ. ಹಿಡಿಕೆ ಬಾಗಿತು, ಚಕ್ಲಿ ಬಂತು. ಕೆಲವು ಸುಟ್ಟವು, ಕೆಲವು ಬೆಂದವು, ಕೆಲವು ಎರಡರ ನಡುವೆ ತಮ್ಮದೇ ಒಂದು ದಾರಿ ಕಂಡುಕೊಂಡವು.

ಹೊರಡುವ ಮುಂಜಾನೆ ಅವ್ವ ಎರಡನೆಯ ಬುಟ್ಟಿಯೊಂದನ್ನು ತಂದು ನನ್ನ ಮುಂದೆ ಇಟ್ಟಳು. ಅದರ ತುಂಬ ಉಂಡಿ.

“ಪದ್ಧತಿ ಅಂದ್ರ ಪದ್ಧತಿ. ಒಯ್ಯಿ,” ಎಂದಳು, ಈ ಸಲ ಗೋಡೆಗಲ್ಲ.

ಅವ್ವನಿಗೆ ಇಲ್ಲವೆನ್ನಲಾಗದೆ ಹೊತ್ತುಕೊಂಡೆ. ಆದರೆ ಬಂಡಿ ಮಕ್ತಲ ಮುಟ್ಟುವಷ್ಟರಲ್ಲಿ ತತ್ವ ನನ್ನ ತಲೆಗೇರಿತ್ತು. ಉಂಡಿಯ ಬುಟ್ಟಿಯೊಂದಿಗೆ ಹೋದರೆ ನನ್ನ ಫರ್ಮಾನಿಗೆ ಏನು ಬೆಲೆ? ಮಕ್ತಲದಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆಗೆ ಹಲ್ಲಿಲ್ಲ, ಸಿಹಿಯ ಮೇಲೆ ಪ್ರಾಣ. ಉಂಡಿಯ ಬುಟ್ಟಿಯನ್ನು ಇಳಿಸಿ ಅವಳ ಮುಂದೆ ಇಟ್ಟೆ.

“ನನಗೇನೋ?” ಎಂದಳು ಅತ್ತೆ, ಒಂದು ಉಂಡಿಯನ್ನು ಆಗಲೇ ಬಾಯಿಗೆ ಹಾಕಿಕೊಂಡು. “ಮತ್ತ ಗದ್ವಾಲಕ್ಕ?”

“ಗದ್ವಾಲಕ್ಕ ಖಾರದ ಬುಟ್ಟಿ.”

“ಬರೇ ಖಾರದ್ದಾ? ಹಬ್ಬಕ್ಕಾ? ಅಲ್ಲೋ ತಮ್ಮಾ...” ಮುಂದಿನ ಮಾತು ತಂಬಿಟ್ಟಿನಲ್ಲಿ ಸಿಕ್ಕಿಕೊಂಡಿತು. ಅದು ಕರಗುವವರೆಗೆ ಕಾಯುವ ವ್ಯವಧಾನ ನನಗಿರಲಿಲ್ಲ. ತತ್ವ ತಲೆಗೇರಿದವರಿಗೆ ಇರುವುದಿಲ್ಲ.

ಶ್ರಾವಣದ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹರಿಗೋಲು ಗಿರಗಿರ ತಿರುಗಿ ನನಗೆ ಎಂಟು ದಿಕ್ಕುಗಳನ್ನೂ ತೋರಿಸಿತು. ನಾನು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಂಗಿಯನ್ನು ಬಿಚ್ಚಿ ಅದಕ್ಕೆ ಹೊದಿಸಿದ್ದೆ. ತೇವ ತಗಲಿದರೆ ರೊಟ್ಟಿ ಮೆತ್ತಗಾಗುತ್ತದೆ. ಅಂಬಿಗ ನನ್ನ ಬರಿಮೈಯನ್ನೂ ಅಂಗಿ ತೊಟ್ಟ ಬುಟ್ಟಿಯನ್ನೂ ನೋಡಿ, “ಏಮುಂದಿ ಸಾಮೀ ಬುಟ್ಟಲೋ? ದೇವುಡಾ?” ಎಂದು ಕೇಳಿದ. ಬುಟ್ಟಿಯಲ್ಲಿ ದೇವರಿದ್ದಾನೇನು ಎಂದು. ಇಲ್ಲ, ಚಕ್ಲಿ ಎಂದೆ. ಆಮೇಲೆ ದಂಡೆ ಮುಟ್ಟುವವರೆಗೂ ಅವನು ನನ್ನ ಜೊತೆ ಮಾತಾಡಲಿಲ್ಲ.

ಗದ್ವಾಲದ ಮನೆ ಸೇರಿದಾಗ ಹಬ್ಬದ ಹಿಂದಿನ ದಿನದ ಮಧ್ಯಾಹ್ನ. ಅಂಗಳದ ಹುಣಸೆ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿತ್ತು, ಹುಡುಗಿಯರು ಜೀಕುತ್ತಿದ್ದರು. “ಬುಟ್ಟಿ ಬಂತು, ಬುಟ್ಟಿ ಬಂತು” ಎಂದು ಓಣಿಯ ಹೆಂಗಸರೆಲ್ಲ ಕೂಡಿದರು. ಬುಟ್ಟಿ ಬಿಚ್ಚುವ ಹಕ್ಕು ಮನೆಯ ಹಿರಿಯಳದು, ಅಂದರೆ ನಮ್ಮಾಕೆಯ ಅಜ್ಜಿಯದು. ಎಲ್ಲರಿಗೂ ಅವಳು ಆಯಿ. ಕಣ್ಣು ಮಂದ, ಕೈ ಚುರುಕು. ಒಂದೊಂದನ್ನೇ ಮುಟ್ಟಿ ನೋಡಿ ಹೊರಗಿಟ್ಟಳು. ಚಕ್ಲಿ. ರೊಟ್ಟಿ. ಹಿಂಡಿಯ ಡಬ್ಬಿ. ಅವಲಕ್ಕಿಯ ಗಂಟು. ಕೈ ಬುಟ್ಟಿಯ ತಳದಲ್ಲಿ ಹುಡುಕಿತು, ಮೂಲೆಯಲ್ಲಿ ಹುಡುಕಿತು, ಬಿದಿರಿನ ಮೇಲೆ ನಿಂತಿತು. ಆಯಿ ಸೆರಗನ್ನು ಬಾಯಿಗೆ ಹಿಡಿದಳು.

“ಯಾವಾಗ ಆತಪ್ಪಾ?”

ಯಾವಾಗ ಮಾಡಿದ್ದೆಂದು ಕೇಳುತ್ತಿದ್ದಾಳೆಂದು ತಿಳಿದು, “ಮೊನ್ನೆ ಮುಂಜಾನಿ ಆತ್ರಿ ಆಯಿ,” ಎಂದೆ. “ಭಾಳ ತ್ರಾಸ ಆತು. ಸ್ವಲ್ಪ ಸುಟ್ಟೂ ಹೋದ್ವು.”

“ಸುಟ್ರಾ?” ಎಂದು ಆಯಿ ಬೆಚ್ಚಿದಳು. “ನಮ್ಮಲ್ಲಿ ಮಣ್ಣು ಮಾಡ್ತಾರಲ್ಲೋ!”

ನಾನು ಉತ್ತರ ಹುಡುಕುವಷ್ಟರಲ್ಲಿ ಆಯಿ ಎದೆ ಬಡಿದುಕೊಂಡು ರಾಗ ತೆಗೆದಾಗಿತ್ತು: “ಅಯ್ಯೋ ನನ್ನ ಬೀಗತೀ! ಬೆಲ್ಲದಂಥಾ ಬೀಗತೀ! ಹಬ್ಬದ ಹೊತ್ತಿಗಿ ಹೋದ್ಯಲ್ಲವ್ವಾ!” ಓಣಿಯ ಹೆಂಗಸರು ರಾಗಕ್ಕೆ ರಾಗ ಕೂಡಿಸಿದರು. ಜೋಕಾಲಿ ನಿಂತಿತು. ಆಗ ನನ್ನ ತಲೆಗೆ ಬೆಳಕು ಬಿತ್ತು. ನಮ್ಮ ಕಡೆ ಸಾವಾದ ಮನೆಯವರು ಆ ವರ್ಷ ಹಬ್ಬಕ್ಕೆ ಸಿಹಿ ಮಾಡುವುದಿಲ್ಲ. ಹಬ್ಬದ ಬುಟ್ಟಿಯಲ್ಲಿ ಸಿಹಿಯಿಲ್ಲವೆಂದರೆ ಬಾಯಿಬಿಟ್ಟು ಹೇಳುವುದೇ ಬೇಕಿಲ್ಲ. ಉಂಡಿ ಕಟ್ಟುವ ಕೈ ಅವ್ವನದಾದ್ದರಿಂದ ಹೋದವಳೂ ಅವ್ವನೇ ಆಗಿದ್ದಳು. ಮಕ್ತಲದ ಅತ್ತೆಯ ತಂಬಿಟ್ಟಿನಲ್ಲಿ ಸಿಕ್ಕಿಕೊಂಡ ಮಾತು ಇದೇ. ನಾನು ಹೆಂಡತಿಗಾಗಿ ಮಾಡಿದ ಬುಟ್ಟಿಯನ್ನು ಹೊಳೆ ದಾಟಿಸಿ, ಹೊತ್ತು ತಂದು, ಅಂಗಿ ಹೊದಿಸಿ, ಹೆತ್ತ ತಾಯಿಯ ಸಾವಿನ ಸುದ್ದಿ ಸಾರಿದ್ದೆ.

“ಅವ್ವ ಅದಾಳ್ರಿ!” ಎಂದು ಕೂಗಿದೆ. “ಗಟ್ಟಿ ಅದಾಳ! ನಿನ್ನೀನೂ ನನ್ನ ಬೈದಾಳ!”

ಅಳು ನಿಲ್ಲಿಸುವುದು ಶುರು ಮಾಡಿದಷ್ಟು ಸುಲಭವಲ್ಲ. ಒಬ್ಬೊಬ್ಬರೇ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಓಣಿಯ ಕೆಲವರು ಸುದ್ದಿ ಹಿಡಿದುಕೊಂಡು ಹೋಗಿಯೂ ಆಗಿತ್ತು. ಆಯಿಗೆ ದುಃಖ ಇಳಿದ ಜಾಗಕ್ಕೆ ಸಿಟ್ಟು ಬಂತು.

“ಇದ್ದಾಕಿನ್ನ ಕೊಂದ್ಯಲ್ಲೋ ಮಾರಾಯಾ! ಹಬ್ಬದ ಮುಂದ ನನ್ನ ಬಾಯಾಗ ಸಾವಿನ ಹಾಡು ಹೊರಡಿಸಿದಿ. ಇಂಥಾ ಬುಟ್ಟಿ ಮ್ಯಾಲ ಹುಡುಗಿನ್ನ ಕಳಸಾಕ ಆಗೂದಿಲ್ಲ. ಇದನ್ನ ತಿರುಗಿ ಒಯ್ಯಿ. ಸೀ ತುಂಬಿಕೊಂಡು ಬಾ. ದೀಪಾವಳಿಗಿ ನೋಡೂಣು.”

ಮಾವನವರು ಮಾಡು ನೋಡಲು ತಲೆ ಎತ್ತಿದರು. ಅಂಗಳದಲ್ಲಿ ಮಾಡಿರಲಿಲ್ಲ, ಆಕಾಶವನ್ನೇ ನೋಡಿದರು.

ಆಯಿಯ ಮಾತಿಗೆ ಆ ಮನೆಯಲ್ಲಿ ಅಪೀಲು ಇರಲಿಲ್ಲ. ದೀಪಾವಳಿಗೆ ಬಂದರೆ ಸಂಕ್ರಾಂತಿಗೆ ಅನ್ನುತ್ತಾರೆ, ಸಂಕ್ರಾಂತಿಗೆ ಇವಳೇ ಒಲ್ಲೆನೆನ್ನುತ್ತಾಳೆ. ಈಗ ಎದ್ದು ಹೋದರೆ ಎದ್ದುಹೋದದ್ದೇ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಕಟ್ಟೆಯ ಮೇಲೆ ಬುಟ್ಟಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ.

“ಆಯಿ, ಬುಟ್ಟಿ ತಿರುಗಿ ಒಯ್ಯೂದಿಲ್ಲ. ಸೀ ತರೂದೂ ಇಲ್ಲ. ಸೀ ತಂದ್ರ ನಿಮಗ ತಂದಂಗ ಆತು, ಪದ್ಧತಿಗಿ ತಂದಂಗ ಆತು. ಅಕಿಗಿ ತಂದಂಗ ಆಗೂದಿಲ್ಲ. ಬುಟ್ಟಿ ಅಕಿ ಹೆಸರಿಲೆ ಬಂದೈತಿ. ಒಲ್ಲೆ ಅಂತ ಅಕಿ ಅನ್ನಲಿ, ಈಗಿಂದೀಗ ಹೊಳಿ ದಾಟತೀನಿ.”

ಒಳಬಾಗಿಲಿನಿಂದ ನಮ್ಮಾಕೆ ಬಂದಳು. ಹಿರಿಯರ ಎದುರಿಗೆ ಹೊಸ ಹೆಂಡತಿ ಗಂಡನ ಮುಂದೆ ಬಂದು ನಿಲ್ಲುವ ಪದ್ಧತಿ ಅಲ್ಲಿಯೂ ಇರಲಿಲ್ಲ. ಬಗ್ಗಿ ಒಂದು ಚಕ್ಲಿ ತೆಗೆದುಕೊಂಡಳು. ಮುಂದಿನ ಹಲ್ಲಿನಲ್ಲಿ ಕಚ್ಚಿದಳು, ಮುರಿಯಲಿಲ್ಲ. ದವಡೆಗೆ ಸರಿಸಿ, ಕಣ್ಣು ಮುಚ್ಚಿ ಕಚ್ಚಿದಳು. ಕಟ್ಟಿಗೆ ಸೀಳಿದಂಥ ಸಪ್ಪಳವಾಯಿತು. ಹುಣಸೆ ಮರದ ಕಾಗೆ ಹಾರಿ ಹೋಯಿತು.

“ಯಾರು ಮಾಡಿದ್ದಿದು?”

“ನಾನು.”

“ಅತ್ತಿ ಹೇಳಿಕೊಟ್ರೇನು?”

“ಅವ್ವ ಗ್ವಾಡಿಗಿ ಹೇಳಿಕೊಟ್ಲು. ನಾನು ಬಾಜೂಕ ಕುಂತಿದ್ದೆ.”

ಅವಳ ತುಟಿಯ ಒಂದು ಮೂಲೆ ಅಲುಗಿತು. “ಉಪ್ಪು ಕಮ್ಮಿ ಐತಿ. ಹಿಟ್ಟಿಗಿ ಕಾದೆಣ್ಣಿ ಹಾಕಿಲ್ಲ.”

“ಹಾಕೀನಿ.”

“ಹಾಕಿದ್ರೂ ಅದು ಕಾದಿದ್ದಿಲ್ಲ.”

“ಕಾದಿತ್ತು.”

“ಕಾದಿದ್ದಿಲ್ರೀ!”

ನಮ್ಮ ದಾಂಪತ್ಯದ ಮೊದಲ ಜಗಳ ಹೀಗೆ ಇಡೀ ಓಣಿಯ ಸಮಕ್ಷಮದಲ್ಲಿ ನೆರವೇರಿತು. ಅವಳು ಚಕ್ಲಿಯನ್ನು ಕೊನೆಯ ಸುತ್ತಿನವರೆಗೂ ತಿಂದು, ಕೈ ಝಾಡಿಸಿ, ಅಜ್ಜಿಯ ಕಡೆ ತಿರುಗಿದಳು.

“ಆಯಿ, ನೀ ಸಾವಿನ ಬುಟ್ಟಿ ಅಂದಿ. ಇದು ನನ್ನ ಬುಟ್ಟಿ. ನಾನು ಹುಟ್ಟಿದಮ್ಯಾಲ ನನಗಂತ ಯಾರೂ ಬುಟ್ಟಿ ಕಟ್ಟಿದ್ದಿಲ್ಲ. ಎಲ್ಲಾರೂ ಹಬ್ಬಕ್ಕಂತ ಕಟ್ಟತಿದ್ರು. ಪಂಚಮಿ ಆದ ಮರುದಿನ ನಾನು ಹೋಗತೀನಿ. ನನ್ನ ಸೀರಿ ಗಂಟು ಕಟ್ಟಿಕೊಡು.”

ಆಯಿ ಹಿಂಡಿಯ ಡಬ್ಬಿಯಲ್ಲಿ ಬೆರಳು ಅದ್ದಿ ನೆಕ್ಕಿದಳು.

“ಹಿಂಡಿ ಚಲೋ ಆಗೇತಿ ಬಿಡು,” ಎಂದಳು. ತೀರ್ಪು ಬದಲಾಯಿತೆಂದು ಮಾವನವರು ಆಕಾಶದಿಂದ ಕಣ್ಣು ಇಳಿಸಿದ ಮೇಲೆ ನನಗೆ ತಿಳಿಯಿತು.

ಹೊಳೆ ಏರಿದ್ದರಿಂದ ನಾವು ದಾಟುವುದು ತಡವಾಯಿತು. ಸುದ್ದಿ ಮಾತ್ರ ಆಗಲೇ ದಾಟಿತ್ತು. ನಾರಾಯಣಪೇಟೆಯಲ್ಲಿ ಬಂಡಿ ಇಳಿದಾಗ ನಮ್ಮ ಅಂಗಳದಲ್ಲಿ ಅವ್ವನ ಸಾವಿಗೆ ಅಳಲು ಬಂದ ನೆಂಟರು ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕುಳಿತಿದ್ದರು. ಅವ್ವ ಅವರಿಗೆಲ್ಲ ಉಂಡಿ ಹಂಚುತ್ತಿದ್ದಳು. ಬಂದವರು ಅಳಬೇಕೋ ತಿನ್ನಬೇಕೋ ತಿಳಿಯದೆ, ಎರಡನ್ನೂ ಅರ್ಧರ್ಧ ಮಾಡುತ್ತಿದ್ದರು.

ಅವ್ವ ನನ್ನನ್ನು ನೋಡಿದಳು. “ಬಂದ್ಯಾ? ನನ್ನ ಮಣ್ಣು ಮಾಡಿ ಕೈ ತೊಳಕೊಂಡು ಬಂದ್ಯಾ?”

ನಾನು ಬಂಡಿಯ ಮರೆಗೆ ಸರಿದೆ. ನಮ್ಮಾಕೆ ನೇರ ಹೋಗಿ ಅವ್ವನ ಕಾಲಿಗೆ ಬಿದ್ದಳು. ಅವ್ವ ಮಾತು ಬಿಟ್ಟವಳು. ಎಬ್ಬಿಸಿದಳು, ಆದರೆ ಮಾತಾಡಲಿಲ್ಲ. ಸೊಸೆಯ ಮುಖ ನೋಡಿದಳು, ಮೂಳೆ ಕಾಣುತ್ತಿದ್ದ ಕತ್ತು ನೋಡಿದಳು. ಕೈ ರೂಢಿಯಂತೆ ಉಂಡಿಯ ತಟ್ಟೆಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅಪ್ಪ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ. ತಕ್ಕಡಿ ಅವನ ಕೈಯಲ್ಲೇ ಇತ್ತು.

“ಏನ ತಿಂತಿಯವ್ವಾ?” ಎಂದು ಕೇಳಿದಳು ಅವ್ವ.

ನಮ್ಮಾಕೆ ಒಂದು ಕ್ಷಣವೂ ತಡಮಾಡಲಿಲ್ಲ.

“ಖಾರದ್ದು ಏನಿದ್ರೂ ನಡೀತೈತ್ರಿ ಅತ್ತಿ,” ಎಂದಳು. “ಇವ್ರು ಮಾಡಿದ್ದೊಂದು ಬಿಟ್ಟು.”

ಅವ್ವ ನಕ್ಕದ್ದು ಓಣಿಯ ಕೊನೆಯವರೆಗೂ ಕೇಳಿತು. ಸಾವಿಗೆ ಬಂದವರು ಇನ್ನೂ ಕುಳಿತೇ ಇದ್ದರು.